ಪ್ಯಾಟಿ ಮಂದಿಯ ಕೈ

ಸತ್ಯನಾರಾಯಣಪೇಟೆ, ಬಳ್ಳಾರಿ
ಆಗಸ್ಟ್ 2007

ಕರೂರಿನಲ್ಲಿರುವ ಮೀರಾಬಿ ಅಕ್ಕನಿಗೆ ತಂಗಿ ಶಮಾಳ ಸಲಾಮು.

ನಮ್ಮ ಮನೆಯವರಿಗೆ ಅದಿರು ಲಾರಿ ತೂಗುವಲ್ಲಿ ಕೆಲಸ ಸಿಕ್ಕಿದೆ. ನನಗೂ ಸಿಕ್ಕಿತು. ಏನು ಕೆಲಸವೆಂದರೆ ನಗುತ್ತೀಯ, ಭತ್ತದ ನಾಟಿ. ಗಂಡಸರು ಗಣಿಗೆ, ಅವರ ಹಿಂದೆ ಹೆಂಗಸರು ಬಳ್ಳಾರಿಗೆ ಬಂದದ್ದರಿಂದ ಹಳ್ಳಿಗಳಲ್ಲಿ ಆಳು ಸಿಗುತ್ತಿಲ್ಲವಂತೆ. ಅದಕ್ಕೆ ಮೇಸ್ತ್ರಿ ಬೆಳಿಗ್ಗೆ ಆರಕ್ಕೇ ನಮ್ಮ ಓಣಿಯ ಹೆಂಗಸರನ್ನು ಟೆಂಪೊದಲ್ಲಿ ತುಂಬಿಕೊಂಡು ಹೋಗುತ್ತಾನೆ. ಸೋಮವಾರ ಟೆಂಪೊ ಸಿರುಗುಪ್ಪ ರಸ್ತೆ ಹಿಡಿದು ಕೊನೆಗೆ ನಿಂತದ್ದು ನಮ್ಮ ಕರೂರಿನಲ್ಲೇ, ನಮ್ಮ ಮನೆಯ ಹಿಂದೆ, ಹಾಲಸಿದ್ದಪ್ಪನವರ ಗದ್ದೆಯ ಹತ್ತಿರ.

ಬಳ್ಳಾರಿಯ ಕೆಂಪು ಧೂಳಿಗೆಂದು ಮುಖಕ್ಕೆ ಬಟ್ಟೆ ಸುತ್ತಿದ್ದೆ, ಹಾಲಸಿದ್ದಪ್ಪನವರಿಗೆ ಗುರುತು ಹತ್ತಲಿಲ್ಲ. ಬದುವಿನ ಮೇಲೆ ನಿಂತು ಮೇಸ್ತ್ರಿಗೆ ಹೇಳುತ್ತಿದ್ದರು: "ಪ್ಯಾಟಿ ಮಂದಿ ಕೈ ಭಾಳ ಚುರುಕು ಐತಿ ನೋಡು. ನಮ್ಮೂರ ಹೆಣ್ಮಕ್ಕಳಿಗೆ ಎಷ್ಟು ಹೇಳಿದ್ರೂ ಹಿಂಗ ಬರಂಗಿಲ್ಲ." ಹೋದ ವರ್ಷ ಅದೇ ಗದ್ದೆಯಲ್ಲಿ ನನಗೂ ನಿನಗೂ ಕೊಟ್ಟ ಕೂಲಿಯ ಎರಡರಷ್ಟು ಕೊಟ್ಟರು. ನಾನು ಮುಖದ ಬಟ್ಟೆ ಇನ್ನಷ್ಟು ಬಿಗಿದುಕೊಂಡು ದುಡ್ಡು ಎಣಿಸಿಕೊಂಡೆ.

ಊಟಕ್ಕೆ ಬಿಟ್ಟಾಗ ಮನೆಗೆ ಬಂದಿದ್ದೆ. ಬೀಗ ಹಾಕಿತ್ತು, ನೀನು ಕೂಲಿಗೆ ಹೋಗಿದ್ದೆಯೇನೋ. ಹಗ್ಗದ ಮೇಲೆ ನಿನ್ನ ಹಸಿರು ಸೀರೆ ಒಣಗಿತ್ತು. ಅದನ್ನು ಮಡಚಿ ಕಿಟಕಿಯಲ್ಲಿಟ್ಟವಳು ನಾನೇ, ಯಾರೆಂದು ಓಣಿಯೆಲ್ಲ ಕೇಳಬೇಡ.

ಧೂಳಿಗೆ ಸ್ವಲ್ಪ ಕೆಮ್ಮು ಬಿಟ್ಟರೆ ಮೈ ಚೆನ್ನಾಗಿದೆ. ಟೆಂಪೊ ಹಾರನ್ ಹೊಡೆಯುತ್ತಿದೆ. ನೀನೂ ಬಳ್ಳಾರಿಗೆ ಬಂದುಬಿಡು. ಇಲ್ಲಿಂದ ಹೋದರೆ ನಮ್ಮೂರಿನಲ್ಲಿ ಒಳ್ಳೆಯ ಕೂಲಿ ಕೊಡುತ್ತಾರೆ.

ಶಮಾ