ನಿದ್ದೆಗಣ್ಣಿನ ಹೂಂ

ಮಾರ್ಚ್ 4, ಮಧ್ಯಾಹ್ನ 1:20

ಮನೆ ಸೇರಿದೆ. ಸ್ನಾನ ಆಯಿತು. ಪರದೆ ಎರಡು ಪದರ ಎಳೆದು ಸಂದಿಗೆ ಬಟ್ಟೆ ಕ್ಲಿಪ್ ಹಾಕಿದ್ದೇನೆ. ಆದರೂ ಬೆಳಕಿನ ಒಂದು ಗೆರೆ ಗೋಡೆ ಮೇಲೆ ಬಂದು ಕೂತಿದೆ. ಬೆಲ್ ಮೇಲೆ ಅಮ್ಮನ ಚೀಟಿ: ‘ಒತ್ತಬೇಡಿ. ಮಗಳು ಮಲಗಿದ್ದಾಳೆ.’ ಅದನ್ನು ನೋಡಿ ಕೆಳಮನೆಯಾಕೆ, ಏನಾದರೂ ವಿಶೇಷವೇ ಎಂದು ಕೇಳಿದರಂತೆ. ವಿಶೇಷ ಏನೂ ಇಲ್ಲ, ಮಗಳು ವಿಮಾನ ಓಡಿಸಿ ಬಂದಿದ್ದಾಳೆ ಅಂದಳಂತೆ ಅಮ್ಮ.

ಮೂರಕ್ಕೆ ಎದ್ದು, ನಾಲ್ಕು ಸಲ ಏರಿ ನಾಲ್ಕು ಸಲ ಇಳಿದದ್ದು. ಮೊನ್ನೆವರೆಗೆ ಸಂಜೆ ಪಾಳಿ. ನಿನ್ನೆಯಿಂದ ನಸುಕಿನದು. ಮುಂದಿನ ವಾರ ಮತ್ತೆ ಸಂಜೆ. ದೇಹಕ್ಕೆ ತಲೆಬುಡ ತಿಳಿಯುತ್ತಿಲ್ಲ. ಇವತ್ತು ಮೊಬೈಲ್ ಕಾಣೆಯಾಗಿ, ಅಮ್ಮ ಅದನ್ನು ಫ್ರಿಜ್‌ನಲ್ಲಿ ಟೊಮೇಟೊ ಪಕ್ಕದಿಂದ ತೆಗೆದಳು. “ನೂರೆಂಬತ್ತು ಜನರನ್ನ ಹೊತ್ಕೊಂಡು ಹೋಗೋಳು ಇವಳೇನಾ” ಎಂದು ಫ್ರಿಜ್‌ಗೇ ಹೇಳಿದಳು. ಮರೆವಿಗೆ ಬರೆದಿಡುವುದೇ ಮದ್ದು ಎಂದು ಹೋದ ವಾರ ಈ ನೋಟ್‌ಬುಕ್ ಕೊಟ್ಟವಳೂ ಅವಳೇ.

ಕ್ಯಾಪ್ಟನ್ ತರಬೇತಿಯ ಪಟ್ಟಿ ಬಂದಿದೆ. ಎಂಟು ವರ್ಷ ಬಲಗಡೆ, ಕೋ-ಪೈಲಟ್ ಸೀಟಿನಲ್ಲಿ ಕೂತಿದ್ದಾಯಿತು. ಎಡಗಡೆ ಕ್ಯಾಪ್ಟನ್ ಸೀಟಿಗೆ ಹೋಗಲು ನನ್ನ ಮುಂದೆ ಒಬ್ಬನೇ — ನನ್ನ ಬ್ಯಾಚಿನ ಗಡಿಯಾರ. ಒಂದು ದಿನ ತಡವಾಗಿ ಬಂದವನಲ್ಲ, ಒಂದು ಡ್ಯೂಟಿಗೂ ಆಗಲ್ಲ ಅಂದವನಲ್ಲ, ಅದಕ್ಕೇ ಆ ಹೆಸರು. ನಾನು ಈ ವರ್ಷ ಎರಡು ಸಲ ‘ಆಯಾಸ, ಹಾರಲಾರೆ’ ಅಂದಿದ್ದೇನೆ. ಹಾಗನ್ನಬಹುದು, ಯಾರೂ ಏನೂ ಕೇಳಬಾರದು ಎಂಬುದು ನಿಯಮ. ಕೇಳುವುದಿಲ್ಲ, ನಿಜ. ಬರೆದಿಟ್ಟುಕೊಳ್ಳುತ್ತಾರೆ. ಮೂರನೆಯ ಸಲ ಅಂದರೆ ಪಟ್ಟಿಯಲ್ಲಿ ಹೆಸರು ಕೆಳಗೆ ಜಾರುತ್ತದೆ. ಇದನ್ನು ಯಾರೂ ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು.

ಮಾರ್ಚ್ 5, ಸಂಜೆ 4:30

ನಿದ್ದೆ ಒಂದೂವರೆ ಗಂಟೆ. ಮೇಲಿನ ಮನೆಯಲ್ಲಿ ಡ್ರಿಲ್ಲಿಂಗ್.

ಎದ್ದು ಬಂದರೆ ಸೋಫಾ ಮೇಲೆ ಬೆಕ್ಕಿನ ಮರಿ. ಮಗಳು ಪಕ್ಕದಲ್ಲೇ, ವಕೀಲರ ಹಾಗೆ ಸಿದ್ಧವಾಗಿ ನಿಂತಿದ್ದಾಳೆ. ನಾನೇ ಒಪ್ಪಿದೆನಂತೆ. ಮಲಗಿದ್ದಾಗ ಬಂದು “ಅಮ್ಮಾ, ಬೆಕ್ಕಿನ ಮರಿ ತರ್ಲಾ?” ಎಂದು ಕೇಳಿದಳಂತೆ. ನಾನು “ಹೂಂ, ತಾ” ಅಂದೆನಂತೆ. ಒಂಬತ್ತು ವರ್ಷದ ಬುದ್ಧಿ ಇದು!

ಅಮ್ಮ ನಕ್ಕು ನಕ್ಕು ಸುಸ್ತಾದಳು. ಚಿಕ್ಕಂದಿನಿಂದಲೂ ಇವಳು ಹೀಗೇ ಅಂದಳು. ಸ್ಕೂಲಿಗೆ ಎಬ್ಬಿಸಿದರೆ ಕಣ್ಣು ಮುಚ್ಚಿಕೊಂಡೇ “ಎದ್ದೆ ಅಮ್ಮಾ” ಅನ್ನುತ್ತಿದ್ದೆನಂತೆ. ಹಲ್ಲುಜ್ಜಿದೆಯಾ ಅಂದರೆ ಹೂಂ, ಜಡೆ ಹಾಕಲಾ ಅಂದರೆ ಹೂಂ. ದನಿ ಮಾತ್ರ ಪೂರ್ತಿ ಎಚ್ಚರ ಇರುವವರದು. ಕನ್ನಡಕದ ಅಂಗಡಿಯಿಂದ ಊಟಕ್ಕೆ ಬಂದಿದ್ದ ಇವರೂ ಸೇರಿಕೊಂಡು ನಕ್ಕರು. ನಾನೂ ನಕ್ಕೆ.

ಮರಿಯ ಫೋಟೋ ಗಡಿಯಾರನಿಗೆ ಕಳಿಸಿದೆ. ಬೆಕ್ಕಿನ ಕೂದಲು ಸೋಕಿದರೆ ಮೈಯೆಲ್ಲ ದದ್ದು ಏಳುತ್ತದೆ ಅವನಿಗೆ. ಇನ್ನು ನಿಮ್ಮ ಬೀದಿ ಕಡೆಯೂ ಕಾಲಿಡಲ್ಲ ಎಂದು ಬರೆದ.

ಮಾರ್ಚ್ 7, ಮಧ್ಯಾಹ್ನ 12:15, ಹೋಟೆಲ್ ರೂಮು

ಯೂನಿಫಾರ್ಮ್ ಕೂಡ ಬಿಚ್ಚದೆ ಬರೆಯಲು ಕೂತಿದ್ದೇನೆ. ಬರೆದರೆ ಸಮಾಧಾನ ಆಗಬಹುದು.

ಐದು ಗಂಟೆಯ ಹಾರಾಟ. ಎಡಗಡೆ ಹೆಡ್‌ಮೇಷ್ಟ್ರು — ಹಿರಿಯ ಕ್ಯಾಪ್ಟನ್, ಎಲ್ಲರ ತಪ್ಪು ತಿದ್ದುವವರು. ಉದ್ದದ ಹಾರಾಟದಲ್ಲಿ ಒಬ್ಬರು ಸೀಟಿನಲ್ಲೇ ಅರ್ಧ ಗಂಟೆ ಮಲಗಬಹುದು. ಇನ್ನೊಬ್ಬರು ಎದ್ದಿರಬೇಕು. ಹಿಂದಿನಿಂದ ಪರ್ಸರ್ ಅಕ್ಕ, ಅಂದರೆ ಗಗನಸಖಿಯರ ಮುಖ್ಯಸ್ಥೆ, ಹತ್ತು ನಿಮಿಷಕ್ಕೊಮ್ಮೆ ಇಂಟರ್‌ಕಾಮ್‌ನಲ್ಲಿ ವಿಚಾರಿಸಬೇಕು. ಉತ್ತರ ಬಂದರೆ ಎದ್ದಿದ್ದಾರೆ ಎಂದು ಅರ್ಥ. ಇಷ್ಟೇ ಏರ್ಪಾಟು.

ಮೇಷ್ಟ್ರು ನನಗೆ ಒಪ್ಪಿಸಿ ಕಣ್ಣು ಮುಚ್ಚಿದರು. ಬಿಸಿಲು ನೇರ ಮುಖಕ್ಕೆ. 8:41ಕ್ಕೆ ಇಂಧನ ನೋಡಿ ಬರೆದುಕೊಂಡೆ. ಆಮೇಲೆ… ಪರ್ಸರ್ ಅಕ್ಕ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಬಾಗಿಲಿನ ಕೋಡ್ ಒತ್ತಿ ಒಳಗೆ ಬಂದಿದ್ದಾರೆ. ಟೈಮ್ 9:02. ಮೇಷ್ಟ್ರು ಕಣ್ಣು ಬಿಡುವಷ್ಟರಲ್ಲಿ ನಾನು ನೆಟ್ಟಗೆ ಕೂತಿದ್ದೆ, ಅವರಿಗೆ ಗೊತ್ತಾಗಲಿಲ್ಲ.

ಇಪ್ಪತ್ತೊಂದು ನಿಮಿಷ. ಮೇಷ್ಟ್ರೂ ನಿದ್ದೆಯಲ್ಲಿ, ನಾನೂ ನಿದ್ದೆಯಲ್ಲಿ. ಹಿಂದೆ ನೂರ ಎಪ್ಪತ್ತು ಜನ.

ಅಕ್ಕ ಸುಮ್ಮನಿರಲಿಲ್ಲ. ಎರಡು ಸಲ ವಿಚಾರಿಸಿದ್ದರು. ನಾನು ಎರಡು ಸಲವೂ ಉತ್ತರ ಕೊಟ್ಟಿದ್ದೆ! ಇದನ್ನು ಅವರು ಇಳಿದ ಮೇಲೆ, ಬಸ್ಸಿನ ಹಿಂದಿನ ಸೀಟಿನಲ್ಲಿ, ಮೆಲ್ಲಗೆ ಹೇಳಿದರು.

“ಎರಡನೇ ಸಲ ಹದಿನಾಲ್ಕನೇ ಸಾಲಲ್ಲಿ ಒಬ್ಬರಿಗೆ ಎದೆನೋವು ಅಂದೆ ಮೇಡಂ. ನೀವು ‘ಹೂಂ, ಎಲ್ಲಾ ಸರಿ ಇದೆ ಅಕ್ಕ’ ಅಂದ್ರಿ. ಎಷ್ಟು ಚೆನ್ನಾಗಿ ಅಂದ್ರಿ ಅಂದ್ರೆ, ನಾನೇ ತಪ್ಪು ಹೇಳಿದ್ನೇನೋ ಅನ್ನಿಸ್ತು.”

ಎದೆನೋವು ಬರಿಯ ವಾಯು ಎಂದು ಆಮೇಲೆ ಗೊತ್ತಾಯಿತು. ಆ ಮಹಾನುಭಾವನಿಗೆ ವಾಯು ಆಗದೆ ಹೋಗಿದ್ದರೆ ಅಕ್ಕ ಒಳಗೇ ಬರುತ್ತಿರಲಿಲ್ಲ. ನಾನು ಯಾರಿಗೂ ಹೇಳಲ್ಲ, ನೀವೇ ಹೇಳಬೇಕು ಅಂದರು.

ಇನ್ನೊಂದಿದೆ. ನನ್ನ ಕಾಗದದಲ್ಲಿ 8:53ಕ್ಕೆ ಕಂಟ್ರೋಲಿನವರು ಕೊಟ್ಟ ಹೊಸ ಫ್ರೀಕ್ವೆನ್ಸಿ ಬರೆದಿದೆ. ರೇಡಿಯೋದಲ್ಲೂ ಅದೇ ಇತ್ತು. ಕೇಳಿಸಿಕೊಂಡಿದ್ದೇನೆ, ತಿರುಗಿ ಹೇಳಿದ್ದೇನೆ, ಬದಲಿಸಿದ್ದೇನೆ, ಬರೆದಿದ್ದೇನೆ. ಅಕ್ಷರ ನನ್ನದೇ. ಒಂದೂ ನೆನಪಿಲ್ಲ. ಹೊರಗಿನವರಿಗೆ ನಾನು ಎದ್ದಿದ್ದೆ. ನನ್ನೊಳಗೆ ಯಾರೂ ಇರಲಿಲ್ಲ.

ಭಯ ಆಗುತ್ತಿದೆ. ಬೇರೆ ಪದ ಇಲ್ಲ.

ಮಾರ್ಚ್ 7, ಮಧ್ಯಾಹ್ನ 2:00

ನಿದ್ದೆ ಇಲ್ಲ. ನೀರಿಗೆಂದು ಕಾರಿಡಾರಿಗೆ ಹೋದರೆ ಗಡಿಯಾರ. ಅವನೂ ಇದೇ ಹೋಟೆಲಿನಲ್ಲಿ ಇಳಿದಿದ್ದಾನೆ. ಕಾರ್ಡ್ ಹಾಕುವ ಬಾಗಿಲಿಗೆ ತನ್ನ ಮನೆಯ ಬೀಗದ ಕೈ ಚುಚ್ಚಿ ತಿರುಗಿಸುತ್ತಿದ್ದ. ಎಷ್ಟು ಹೊತ್ತಿನಿಂದ ಎಂದು ಕೇಳಿದೆ. ಹೆಂಡತಿ ಒಳಗಿಂದ ಚಿಲಕ ಹಾಕಿಕೊಂಡಿದ್ದಾಳೆ ಅಂದ. ನಗು ಬರಲಿಲ್ಲ. ಅವನ ಜೇಬಿನಿಂದ ಕಾರ್ಡ್ ತೆಗೆದು ಬಾಗಿಲು ತೆರೆದುಕೊಟ್ಟೆ.

ಮಾರ್ಚ್ 11, ಬೆಳಿಗ್ಗೆ 10:00

ನಾಲ್ಕು ದಿನ ಇದನ್ನು ಮುಟ್ಟಲಿಲ್ಲ. ಎರಡು ದಿನ ಹಾರಿದೆ. ಅಂಗೈಗೆ ಪೆನ್ನಿನ ತುದಿ ಚುಚ್ಚಿಕೊಂಡು ಕೂತಿದ್ದೆ. ಸಣ್ಣ ಸಣ್ಣ ಗುರುತುಗಳಾಗಿವೆ. ಮಗಳು ಇರುವೆ ಕಚ್ಚಿತಾ ಎಂದು ಕೇಳಿದಳು.

ಇವತ್ತು ಕ್ರೂ ರೂಮಿನಲ್ಲಿ ಮೇಷ್ಟ್ರಿಗೆ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ವಾಸಿ ಇತ್ತು. ಟೀ ಲೋಟ ಕೆಳಗಿಟ್ಟರು.

“ನೀನು ಎದ್ದಿರ್ತೀಯ ಅಂತ ತಾನೇಮ್ಮಾ ನಾನು ಮಲಗಿದ್ದು?”

ಅಷ್ಟೇ. ಆಮೇಲೆ, ತಮಗೂ ಹೀಗೆ ಆಗಿದೆ, ಒಂದಲ್ಲ ಎರಡು ಸಲ, ಹೆಂಡತಿಗೂ ಹೇಳಿಲ್ಲ ಅಂದರು. ಪಟ್ಟಿ ಪಕ್ಕಕ್ಕಿಡು, ಮೊದಲು ಮಲಗು ಅಂದರು. ತಪ್ಪು ಬರೆದ ಹುಡುಗಿಗೆ ಹೇಳುವ ದನಿಯಲ್ಲ ಅದು. ಅವರೂ ಹೆದರಿದ್ದಾರೆ.

ಮಾರ್ಚ್ 13, ಬೆಳಿಗ್ಗೆ 11:30

ಇವತ್ತು ಸ್ಟ್ಯಾಂಡ್‌ಬೈ. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಯಾವಾಗ ಫೋನ್ ಬಂದರೂ ಎತ್ತಬೇಕು, ಕರೆದರೆ ಹೊರಡಬೇಕು.

ತೀರ್ಮಾನ ಆಯಿತು. ಕರೆದರೆ ಇಲ್ಲ ಅನ್ನುತ್ತೇನೆ. ನಡೆದದ್ದನ್ನೆಲ್ಲ ಬರೆದು ಕೊಡುತ್ತೇನೆ. ಎಡಗಡೆ ಸೀಟು ಹೋದರೆ ಹೋಗಲಿ… ಹೋಗಲಿ ಎಂದು ಬರೆಯುವುದು ಸುಲಭ. ಎಂಟು ವರ್ಷ ಅದೊಂದನ್ನೇ ನೋಡಿಕೊಂಡು ಬದುಕಿದ್ದೇನೆ. ಇವರಿಗೆ ಹೇಳಿದೆ. ಸೀಟು ಎಲ್ಲಿಗೂ ಓಡಿಹೋಗಲ್ಲ ಅಂದರು.

ಬಾಯಿಪಾಠ ಮಾಡಿದೆ: “ನನಗೆ ಆಯಾಸ ಇದೆ. ಹಾರಲಾರೆ.” ಚೀಟಿಯಲ್ಲಿ ಬರೆದು ಹಾಸಿಗೆ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಫೋನ್ ದಿಂಬಿನ ಹತ್ತಿರ. ಈಗ ಮಲಗುತ್ತೇನೆ.

ಮಾರ್ಚ್ 13, ಮಧ್ಯಾಹ್ನ 3:05

ಫೋನ್ ಬಂತು. ಇಲ್ಲ ಅಂದೆ. ಎಲ್ಲ ಹೇಳಿದೆ, ಇಪ್ಪತ್ತೊಂದು ನಿಮಿಷದ್ದೂ ಹೇಳಿದೆ. ಪಾಳಿ ಹಂಚುವ ರೋಸ್ಟರಿನವನು ಸರಿ ಮೇಡಂ, ನೀವು ಮಲಗಿ ಅಂದ. ಎಷ್ಟು ಒಳ್ಳೆಯವನು. ಎದೆ ಮೇಲಿನ ಕಲ್ಲು ಇಳಿಯಿತು. ಇಷ್ಟು ಸುಲಭ ಎಂದು ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆ. ಅಮ್ಮನಿಗೆ ಹೇಳಬೇಕು. ಬೆಕ್ಕಿನ ಮರಿ ಎಡಗಡೆ ಸೀಟಿನಲ್ಲಿ ಕೂತಿದೆ ಅದನ್ನು ಇಳಿಸಿ ಬೆಲ್ಟ್

ಮಾರ್ಚ್ 13, ಮಧ್ಯಾಹ್ನ 3:50

ಅಮ್ಮ ಎಬ್ಬಿಸಿದಳು. ಕೆಳಗೆ ಕಂಪನಿಯ ಕ್ಯಾಬ್ ಬಂದು ನಿಂತಿದೆ. ಯೂನಿಫಾರ್ಮ್ ಇಸ್ತ್ರಿ ಮಾಡಿ ಕುರ್ಚಿ ಮೇಲೆ ಇಟ್ಟಿದ್ದಾಳೆ. ಯಾಕೆ ಅಂದೆ. ನೀನೇ ಹೇಳಿದೆಯಲ್ಲ ಅಂದಳು.

“ಫೋನಲ್ಲಿ ಸರಿಯಾಗೇ ಮಾತಾಡ್ತಿದ್ದೆ ಕಣೇ. ಹೂಂ, ಬರ್ತೀನಿ ಅಂದೆ. ಎಷ್ಟು ಗಂಟೆಗೆ, ಕ್ಯಾಪ್ಟನ್ ಯಾರು ಅಂತೆಲ್ಲ ಕೇಳಿದೆ. ಬಾಗಿಲ ಹತ್ರಾನೇ ಇದ್ದೆ ನಾನು.”

ಫೋನ್ ನೋಡಿದೆ. 2:50, ರೋಸ್ಟರ್ ಆಫೀಸು, ನಲವತ್ತೊಂದು ಸೆಕೆಂಡು. ಅದೊಂದೇ ಕರೆ. ಆಮೇಲೆ ಈ ನೋಟ್‌ಬುಕ್ ತೆರೆದೆ. ಮೇಲಿನದನ್ನು ಓದಿದೆ. ಬರೆದವಳು ನಾನೇ. ಸಾಲುಗಳು ಪುಟದಿಂದ ಕೆಳಗೆ ಜಾರಿವೆ, ಕೊನೆಯ ಪದ ಹಾಸಿಗೆ ಬಟ್ಟೆ ಮೇಲಿದೆ.

ಇಲ್ಲ ಅಂದದ್ದು ಕನಸಿನಲ್ಲಿ. ಹೂಂ ಅಂದದ್ದು ನಿಜ.

ರೋಸ್ಟರಿಗೆ ಫೋನ್ ಮಾಡಿದೆ. ನಿದ್ದೆಯಲ್ಲಿ ಒಪ್ಪಿಕೊಂಡೆ ಅಂದೆ. ಕರೆ ರೆಕಾರ್ಡ್ ಆಗಿದೆ ಮೇಡಂ, ನಿದ್ದೆಯವರ ಹಾಗೆ ಕೇಳಿಸುವುದಿಲ್ಲ ಅಂದ. ಕ್ಯಾಪ್ಟನ್ ಹೆಡ್‌ಮೇಷ್ಟ್ರು, ವಿಮಾನ ತುಂಬಿದೆ, ಇದು ನಿಮ್ಮದು ಮೂರನೆಯ ಸಲ. ಹತ್ತು ನಿಮಿಷ ಯೋಚನೆ ಮಾಡಿ, ನಾನೇ ಫೋನ್ ಮಾಡುತ್ತೇನೆ ಅಂದ. ಬೆಲ್ಲದಂಥ ದನಿ.

ಯೋಚಿಸುವುದು ಹೇಗೆ? ಈಗ ಎದ್ದಿದ್ದೇನೆಯೇ ಎಂಬುದೇ ಗೊತ್ತಿಲ್ಲ. ಮುಖಕ್ಕೆ ತಣ್ಣೀರು ಹಾಕಿಕೊಂಡೆ. ಕನಸಿನಲ್ಲೂ ನೀರು ತಣ್ಣಗೇ ಇರುತ್ತದೆ. ಸ್ಕೂಲಿನಿಂದ ಬಂದ ಮಗಳು ಶೂಸ್ ಕೂಡ ಬಿಚ್ಚದೆ ನನ್ನನ್ನೇ ನೋಡುತ್ತಿದ್ದಳು. ಅವಳನ್ನೇ ಕೇಳಿದೆ — ನಾನು ಎದ್ದಿದ್ದೀನಾ ಪುಟ್ಟಾ?

“ಇಲ್ಲ ಅಂತ ಹೇಳು ನೋಡೋಣ” ಅಂದಳು. “ನಿದ್ದೇಲಿ ನೀನು ಎಲ್ಲದಕ್ಕೂ ಹೂಂ ಅಂತೀಯ. ಇಲ್ಲ ಅಂತ ಒಂದ್ಸಲಾನೂ ಅಂದಿಲ್ಲ. ಬೆಕ್ಕಿನ ಮರಿಗೆ ಮುಂಚೆ ನಾನು ಬೇಕಾದಷ್ಟು ಕೇಳಿ ನೋಡಿದ್ದೀನಿ.”

ಮಗಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಅಮ್ಮ ಎದುರಿಗೆ. ಫೋನ್ ಬರುತ್ತಿದೆ.

ಮಾರ್ಚ್ 13, ಸಂಜೆ 4:10

ಅಂದೆ. ಇಲ್ಲ ಅಂದೆ. ಜೋರಾಗಿ ಅಂದೆ, ಮರಿ ಹೆದರಿ ಸೋಫಾ ಕೆಳಗೆ ಓಡಿತು. ಮಗಳು ಕೇಳಿಸಿಕೊಂಡಳು, ಅಮ್ಮ ಕೇಳಿಸಿಕೊಂಡಳು, ಫೋನಿನಲ್ಲಿ ಕರೆ ಇದೆ — 4:01, ಒಂದು ನಿಮಿಷ ಹನ್ನೆರಡು ಸೆಕೆಂಡು. ಮೂರು ಸಲ ನೋಡಿದೆ. ಕ್ಯಾಬ್ ಖಾಲಿ ಹೋಯಿತು. ಅಮ್ಮ ಯೂನಿಫಾರ್ಮ್ ಮಡಿಸಿ ಒಳಗಿಟ್ಟಳು. ನಾನು ಸ್ವಲ್ಪ ಅತ್ತುಬಿಟ್ಟೆ.

ರೋಸ್ಟರಿನವನು ಸಿಟ್ಟಾಗಲಿಲ್ಲ. ಅದೇ ಬೆಲ್ಲದ ದನಿಯಲ್ಲಿ, ಪರವಾಗಿಲ್ಲ ಮೇಡಂ, ನಿಮ್ಮ ಬ್ಯಾಚಿನವರೇ ಸಿಕ್ಕಿದ್ದಾರೆ ಅಂದ. ಗಡಿಯಾರ. ಬೆಳಗಿನ ಜಾವ ಮೂರಕ್ಕೆ ಇಳಿದವನು. ಹನ್ನೆರಡು ಗಂಟೆ ವಿಶ್ರಾಂತಿ ಕಾಗದದ ಮೇಲೆ ಪೂರ್ತಿಯಾಗಿದೆಯಂತೆ.

“ಮಲಗಿದ್ರಂತೆ, ಆದ್ರೂ ಮೊದಲ ರಿಂಗಿಗೇ ಎತ್ತಿದ್ರು. ಹೂಂ, ಬರ್ತೀನಿ ಅಂದ್ರು.”

ಮಾರ್ಚ್ 13, ಸಂಜೆ 4:25

ತಡೆಯಲಾಗಲಿಲ್ಲ, ಗಡಿಯಾರನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದ. ಎಲ್ಲಿದ್ದೀಯ ಅಂದರೆ ಕ್ಯಾಬಿನಲ್ಲಿ. ಎದ್ದಿದ್ದೀಯಾ ಅಂದರೆ, “ಹೂಂ, ಎದ್ದೆ.” ದನಿ ಸ್ಪಷ್ಟ. ನಗುತ್ತಾ ಮಾತಾಡುವ ಹಾಗೆ. ಇಡಬೇಕೆಂದಿದ್ದೆ. ಮಗಳು ನನ್ನ ಮೊಣಕೈ ಹಿಡಿದು, ಮೆಲ್ಲಗೆ, ಬೆಕ್ಕಿನ ಮರಿ ಕೇಳು ಅಂದಳು.

ಕೇಳಿದೆ. ನಿಂಗೊಂದು ಬೆಕ್ಕಿನ ಮರಿ ತರ್ಲಾ?

“ಹೂಂ, ತಾ” ಅಂದ.

ಅವನ ಹೆಸರು ಹಿಡಿದು ಕೂಗಿದೆ. ಹೂಂ ಅಂದ. ಇನ್ನೊಂದು ಸಲ ಕೂಗಿದೆ. ಎಲ್ಲಾ ಸರಿ ಇದೆ ಅಂದ, ಲೈನ್ ಕಟ್ ಆಯಿತು. ಈಗ ಎತ್ತುತ್ತಿಲ್ಲ. ರೋಸ್ಟರ್ ಲೈನ್ ಬ್ಯುಸಿ.

ಐದು ಗಂಟೆಯ ಹಾರಾಟ. ಮೇಷ್ಟ್ರು ಅವನಿಗೆ ಒಪ್ಪಿಸಿ ಕಣ್ಣು ಮುಚ್ಚುತ್ತಾರೆ, ಅವನು ಎದ್ದಿರುತ್ತಾನೆ ಎಂದು. ಮೇಷ್ಟ್ರಿಗೆ ಮಾಡುತ್ತಿದ್ದೇನೆ. ರಿಂಗ್ ಆಗುತ್ತಿದೆ. ಅಮ್ಮ ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದಾಳೆ. ಇನ್ನೂ ರಿಂಗ್ ಆಗುತ್ತಿದೆ. ಎತ್ತಿ ಮೇಷ್ಟ್ರೇ, ಎತ್ತಿ ‘ಇಲ್ಲ’ ಅನ್ನಿ.