ತೆರೆಯ ಮೇಲಿನ ನಾಲ್ಕು ಕೈಗಳು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಿನ್ನ ಕೋಪ ಇನ್ನೂ ಇಳಿದಿಲ್ಲವೆಂದು ಗೊತ್ತು. ನೀನು ನೋಡಿದ ಬ್ಯಾಂಕಿನವರ ಸಂಬಂಧವನ್ನು ಕಾರಣ ಹೇಳದೆ ಬೇಡವೆಂದೆ. ಅಂದಿನಿಂದ ಫೋನಿನಲ್ಲಿ ನಿನ್ನದು ಬರೀ ಹೂಂ, ಉಹೂಂ. ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೂ ಪೂರ್ತಿ ಓದಿ ಹರಿದುಹಾಕು.

ಸ್ಟುಡಿಯೋದಲ್ಲಿ ವಿದೇಶಿ ಕಂಪನಿಯ ಸಿನಿಮಾಕ್ಕೆ ಬಟ್ಟೆ ಹೊಲಿಯುತ್ತಿದ್ದೇನೆ ಎಂದಿದ್ದೆನಲ್ಲ. ಕಥೆ ಇಷ್ಟೇ: ಪಶ್ಚಿಮದಿಂದ ಬಂದ ಬಡಗಿಗೂ ನಮ್ಮ ಕಡೆಯ ದರ್ಜಿ ಹುಡುಗಿಗೂ ಪ್ರೀತಿ. ಆ ಹುಡುಗಿಯ ಪಾತ್ರಕ್ಕೂ ಅವರ ದೇಶದ ನಟಿಯೇ. ಮೈಗೆಲ್ಲ ಬಣ್ಣ ಬಳಿದು ನಮ್ಮವಳನ್ನಾಗಿ ಮಾಡಿದ್ದರು. ಆದರೆ ಪಾಪ, ಅವಳಿಗೆ ಸೂಜಿಗೆ ದಾರ ಪೋಣಿಸಲು ಬರದು. ಅದಕ್ಕೆ ನನ್ನ ಕೈ ಬೇಕಾಯಿತು. ಅವಳ ಬೆನ್ನ ಹಿಂದೆ ಮಂಡಿಯೂರಿ, ಕಂಕುಳ ಕೆಳಗಿನಿಂದ ನನ್ನ ಕೈಗಳನ್ನು ಮುಂದೆ ಚಾಚಿ ಕೂರುತ್ತಿದ್ದೆ. ಮುಖ ಅವಳದು, ಕೈ ನನ್ನದು.

ನಾಯಕ ಕೈಹಿಡಿಯುವ ದೃಶ್ಯ ನಾಲ್ಕು ದಿನ ನಡೆಯಿತು. ನನಗೆ ಕಾಣುತ್ತಿದ್ದುದು ನಟಿಗೆ ನಾನೇ ಹೊಲಿದ ಅಂಗಿಯ ಬೆನ್ನು ಮಾತ್ರ. ಅಮ್ಮಾ, ಆ ಕೈ ನನ್ನ ಬೆರಳುಗಳನ್ನು ಬಿಟ್ಟರೆ ಬಿದ್ದು ಒಡೆದಾವು ಎನ್ನುವ ಹಾಗೆ ಹಿಡಿದುಕೊಳ್ಳುತ್ತಿತ್ತು. ಅಂಗೈ ತುಂಬ ಜಡ್ಡು. ಅಷ್ಟು ದೊಡ್ಡ ನಟ ಪಾತ್ರಕ್ಕಾಗಿ ಎಷ್ಟು ಮರ ಕೊರೆದನೋ ಎಂದು ಮರುಗಿದೆ. ನಿನ್ನ ಜಾಣ ಮಗಳು ಆ ಕೈಗೆ ಮರುಳಾದಳು. ಬ್ಯಾಂಕಿನವರನ್ನು ಬೇಡವೆಂದದ್ದು ಆಗಲೇ.

ನಾಲ್ಕನೇ ದಿನ ನಟಿ ಸೀನುತ್ತ ಪಕ್ಕಕ್ಕೆ ಬಾಗಿದಳು. ನೋಡುತ್ತೇನೆ, ನಾಯಕನ ಕೈಗಳು ಅವನ ಬೆನ್ನ ಹಿಂದೆ ತೆಪ್ಪಗಿವೆ! ಅವನ ಹಿಂದಿನಿಂದ, ಕೂದಲಿಗೆಲ್ಲ ಮರದ ಪುಡಿ ಮೆತ್ತಿಕೊಂಡ ಒಬ್ಬ ಇಣುಕಿದ. ಅವರ ಜೊತೆ ಬಂದ, ಸೆಟ್ಟು ಕಟ್ಟುವ ಬಡಗಿ. ನಾಯಕನಿಗೆ ಉಳಿ ಹಿಡಿಯಲು ಬರುವುದಿಲ್ಲವಂತೆ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಅವನು ಹೇಳಿದ್ದನ್ನು ಅವರ ದುಭಾಷಿ ನಮ್ಮ ಮಾತಿಗೆ ತಿರುಗಿಸಿದಳು.

"ನನಗೆ ಮೊದಲನೇ ದಿನಾನೇ ಗೊತ್ತಾಯ್ತು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ನಾನು ಹಿಡ್ಕೊಂಡಿದ್ದು ನಿಮ್ಮ ಕೈನೇ."

ಮರುದಿನ ಆ ದೃಶ್ಯವನ್ನು ತೆರೆಯ ಮೇಲೆ ಹಾಕಿ ತೋರಿಸಿದರು. ಅಮ್ಮಾ, ಹೇಗೆ ಹೇಳಲಿ, ಗೋಡೆಯಷ್ಟು ದೊಡ್ಡ ಕೈಗಳು! ನನ್ನ ಒಂದೊಂದು ಸೂಜಿಗುರುತೂ ಕಾಸಿನಗಲ. ಮನೆ ಪ್ಲೈವುಡ್ಡಿನದು, ಬಿಸಿಲು ದೀಪದ್ದು, ನಟಿಯ ಮೈಬಣ್ಣ ಡಬ್ಬಿಯದು. ಆ ಕೈಗಳು ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ದೀಪ ಹಾಕಿದ ಮೇಲೂ ಸುಮಾರು ಹೊತ್ತು ಕೂತೇ ಇದ್ದೆ.

ಇದಾಗಿ ಎರಡು ತಿಂಗಳು. ಮದುವೆಯಾಗೋಣ, ಇಲ್ಲೇ ಕೆಲಸ ಹುಡುಕುತ್ತೇನೆ ಎನ್ನುತ್ತಾನೆ ಆ ಬಡಗಿ. ಅಮ್ಮ ಒಪ್ಪದೆ ನಾನು ಹೂಂ ಎನ್ನುವುದಿಲ್ಲ ಎಂದಿದ್ದೇನೆ. ಬುಧವಾರ ಕಂಪನಿಯವರು ಹೊರಡುತ್ತಾರೆ. ನೀನು ಬೇಡವೆಂದರೆ ಅವನೂ ಹೊರಡುತ್ತಾನೆ. ನಾನು ಅಳುತ್ತೇನೆ, ಆದರೆ ನಿನ್ನ ಮೇಲೆ ಮುನಿಸಿಕೊಳ್ಳುವುದಿಲ್ಲ.

ನಿನ್ನ ಹಟಮಾರಿ,
ಚಿಕ್ಕವಳು

ತಾ.ಕ.: ಇದನ್ನು ತಂದುಕೊಟ್ಟವನು ಅಂಚೆಯವನಲ್ಲ, ಅವನೇ. ನೀನು ಓದಿ ಮುಗಿಸುವವರೆಗೂ ಬಾಗಿಲಲ್ಲೇ ನಿಂತಿರುತ್ತಾನೆ. ನಮ್ಮ ಮಾತು ಹೆಚ್ಚು ಬರದು, ಆದರೆ "ಒಳಗೆ ಬಾ" ಎಂದರೆ ಅರ್ಥವಾಗುತ್ತದೆ. ನಾನು ಬೀದಿ ತುದಿಯ ಔಷಧಿ ಅಂಗಡಿಯ ಮುಂದೆ ನಿಂತು ನಮ್ಮ ಬಾಗಿಲನ್ನೇ ನೋಡುತ್ತಿದ್ದೇನೆ.