ಹರಿದ ಜೀನ್ಸಿಗೆ ಇಟ್ಟ ಎಡೆ

ಬಳ್ಳಾರಿ,
ಏಳನೆಯ ಗಾಳಿಶಕೆ, ಫಾಲ್ಗುಣ ಮಾಸದ ನಲವತ್ತೊಂದನೆಯ ದಿನ.

ಜೀನ್ಸ್ ತೊಟ್ಟು ಕೂತಿರುವ ಮಹಾಪೂರ್ವಿಕರಿಗೆ ಗಾದಿಲಿಂಗನ ಸಾಷ್ಟಾಂಗ ನಮಸ್ಕಾರ. ತಾರೀಖನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಈ ಕಾಗದವನ್ನು ಹಿಂಗಾಳಿಗೆ, ಅಂದರೆ ಹಿಂದಿನ ಕಾಲಕ್ಕೆ ಬೀಸುವ ಗಾಳಿಗೆ, ಬಿಟ್ಟಿದ್ದೇನೆ. ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕನ್ನಡವೂ ನಮಗೆ ಹಾಗೆಯೇ.

ನಾವು ಉಡುವುದು ಹಗಲುಬಟ್ಟೆ. ಬೆಳಗ್ಗೆ ಮೈಮೇಲೆ ಸಿಂಪಡಿಸಿಕೊಂಡರೆ ಅರಿವೆಯಾಗುತ್ತದೆ, ಹೊತ್ತು ಮುಳುಗಿದಾಗ ಪುಡಿಯಾಗಿ ಉದುರುತ್ತದೆ. ಒಗೆಯುವ ಗೋಜಿಲ್ಲ, ನೀರು ಉಳಿಯುತ್ತದೆ. ಆದರೆ ಉಟ್ಟವರ ಗುರುತು ಅದರಲ್ಲಿ ನಿಲ್ಲುವುದಿಲ್ಲ. ಕೆಂಧೂಳಿ ಎದ್ದ ದಿನ ಹೊರಗೆ ಹೋದ ನಮ್ಮಪ್ಪ ಎರ್ರಿಸ್ವಾಮಿ ಮರಳಲಿಲ್ಲ. ಹುಡುಕಲು ಹೋದವರಿಗೆ ಅಂಗಿಯ ಚೂರೂ ಸಿಗಲಿಲ್ಲ.

ಅಂಥ ಮನೆಗೆ ಊರಿನವರು ಒಂದು ಹಿರಿಕಾಲು ಕೊಡುತ್ತಾರೆ. ಹಿರಿಕಾಲು ಎಂದರೆ ಗುಡ್ಡದ ಹಿಂದಿನ ಹಳೇ ತಿಪ್ಪೆಯಿಂದ ಅಗೆದು ತೆಗೆದ ನಿಮ್ಮ ಜೀನ್ಸ್ ಪ್ಯಾಂಟು. ಅದಕ್ಕೆ ಮರಳು ತುಂಬಿ, ಹೋದವರ ಹೆಸರಿಟ್ಟು, ಊಟದ ಹೊತ್ತಿಗೆ ಗೋಡೆಗೆ ಒರಗಿಸಿ ಕೂರಿಸಿ ಎಡೆ ಇಡುತ್ತೇವೆ. ಅದರ ಚರಿತ್ರೆಯನ್ನು ನಮ್ಮ ಪಂಡಿತರು ಗಂಟಲು ಸರಿಮಾಡಿಕೊಂಡು ಹೇಳುತ್ತಾರೆ. ಮೊದಲು ಗಣಿಯಲ್ಲಿ ಬೆವರು ಸುರಿಸುವವರು ತೊಟ್ಟರಂತೆ, ಆಮೇಲೆ ಯಾವ ಕೆಲಸವನ್ನೂ ಮಾಡದವರು ತೊಟ್ಟರಂತೆ. ಮೂಲೆಯ ತಾಮ್ರದ ಗುಂಡಿಗಳು ಮನುಷ್ಯ ಗಾಳಿಗೆ ಹಾರದಿರಲೆಂದು. ಜೇಬಿನೊಳಗಿನ ಪುಟ್ಟ ಜೇಬು ಪ್ರಾಣ ಇಡಲಿಕ್ಕೆ. ಹರಿದ ಮೊಣಕಾಲೋ, ನೆಲಕ್ಕೆ ಮಂಡಿಯೂರಿ ಅತ್ತವರ ಗುರುತು. ಆದ್ದರಿಂದ ಹರಿದದ್ದಕ್ಕೇ ಮರ್ಯಾದೆ ಹೆಚ್ಚು.

ನಮ್ಮಜ್ಜಿ ಹುಲಿಗೆವ್ವ ಅಂಥ ಹರಿದ ಜೀನ್ಸಿಗೆ ತನ್ನ ಮಗನ ಹೆಸರಿಟ್ಟು ದಿನಾ ಮಾತಾಡಿಸುತ್ತಿದ್ದಳು. “ಯಪ್ಪಾ ಎರ್ರೀ, ರೊಟ್ಟಿ ಗಟ್ಟಿಯಾತೇನೋ? ಮೊಣಕಾಲು ಇನ್ನಾ ನೋಯ್ತಾವೇನು?”

ಕಿಡಿಗೇಡಿತನ ನನ್ನ ಕುಲಕಸುಬು. ಅಪ್ಪನ ಪಕ್ಕ ಇನ್ನೊಬ್ಬರನ್ನು ಕೂರಿಸಿ ಅಜ್ಜಿಯನ್ನು ಬೆಚ್ಚಿಬೀಳಿಸೋಣವೆಂದು ತಿಪ್ಪೆಗೆ ಹೋಗಿ ಅಗೆದೆ. ಸಿಕ್ಕಿತು. ಅದರ ಕೆಳಗೆ ಮತ್ತೊಂದು, ಅದರ ಕೆಳಗೂ ಮತ್ತೊಂದು, ಕಟ್ಟುಗಟ್ಟಲೆ. ಎಲ್ಲದಕ್ಕೂ ಅದೇ ಮೊಣಕಾಲಲ್ಲಿ ಅದೇ ಹರುಕು, ತೊಡೆಯ ಮೇಲೆ ಬೆಕ್ಕಿನ ಮೀಸೆಯಂಥ ಅದೇ ಬಿಳಿಗೆರೆ. ಸೊಂಟದ ಗುಂಡಿಯನ್ನು ಯಾರೂ ಬಿಚ್ಚಿದಂತಿರಲಿಲ್ಲ. ಯಾರೂ ತೊಟ್ಟಿರಲಿಲ್ಲ, ಯಾರೂ ಅತ್ತಿರಲಿಲ್ಲ. ನಗು ಬರಬೇಕಿತ್ತು, ಬರಲಿಲ್ಲ. ಒಂದನ್ನು ಹೆಗಲಿಗೆ ಹಾಕಿಕೊಂಡು ಬಂದವನು ಬಚ್ಚಿಡುವ ಮೊದಲೇ ಅಜ್ಜಿಯ ಕಣ್ಣಿಗೆ ಬಿದ್ದೆ.

“ತಾರಲೇ ಇಲ್ಲಿ.” ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. “ಎರಡೂ ಒಂದೇ ಥರ ಹರದಾವಲ್ಲೋ ಗಾದ್ಯಾ. ಅಂದ್ರ ಇಷ್ಟು ದಿನ ನಾನು ಯಾರ ಕೂಡ ಮಾತಾಡಿದೆ?”

“ಮರಳಿನ ಕೂಡ, ಅಜ್ಜಿ,” ಎಂದೆ. ಬಾಯಿ ನನ್ನದು, ಸುಮ್ಮನಿರದು.

“ನಿನ್ನ ಬಾಯಾಗ ಅದೇ ಮರಳು ಹಾಕ!” ಬಿಳಿಗೆರೆಯ ಮೇಲೆ ಅಂಗೈ ಇಟ್ಟು ಹಿಂದೆ ಮುಂದೆ ಎಳೆದಳು. ಸವೆದ ಜಾಗ ಅವಳ ಕೈಗೆ ಸರಿಯಾಗಿ ಕೂತಿತು. “ಇದು ಕಾಲಲ್ಲೋ, ಕೈ. ಹೊಸಾದು ಹಳೇದು ಕಾಣ್ಲಿ ಅಂತ ಯಾರೋ ಕುಂತು ತಿಕ್ಕ್ಯಾಳ. ರಟ್ಟಿ ಎಷ್ಟು ನೊಂದಿತ್ತೋ, ಪಾಪ.”

ಅಂದು ಸಂಜೆ ಎಡೆಯ ಮುಂದೆ ಗಂಗಾಳದಲ್ಲಿ ನೀರಿಟ್ಟಳು. ನಮ್ಮಲ್ಲಿ ಹೋದವರಿಗೆ ಯಾರೂ ನೀರು ಇಡುವುದಿಲ್ಲ, ಬದುಕಿದವರಿಗೇ ಸಾಲದು. “ಕೈ ತೊಳಕ ಬಾರವ್ವಾ,” ಎಂದು ಆ ತಿಕ್ಕಿದವಳನ್ನು ಕರೆದಳು. ನೋಡನೋಡುತ್ತಿದ್ದಂತೆ ನೀರು ನೀಲಿಯಾಯಿತು. ಅಜ್ಜಿ ನನ್ನ ಕಡೆ ತಿರುಗಿದಳು. ನಾನು ಬಣ್ಣದ ಕಲೆಯಿಲ್ಲದ ಎರಡೂ ಅಂಗೈ ಚಾಚಿ ತೋರಿಸಿದೆ. ಪೂರ್ವಿಕರೇ, ಇದೊಂದು ನನ್ನ ಕಿಡಿಗೇಡಿತನವಲ್ಲ.

ಮಗನ ಹೆಸರನ್ನು ಅಜ್ಜಿ ಹಿಂದಕ್ಕೆ ತೆಗೆದುಕೊಂಡಿದ್ದಾಳೆ. ಈಗ ಬಾಗಿಲಲ್ಲಿ ನಿಂತು ಧೂಳಿಗೇ ಅವನನ್ನು ಕೂಗುತ್ತಾಳೆ. ಹಿರಿಕಾಲಿಗೆ ಮಾತ್ರ ಹೆಸರಿಲ್ಲ. ದಿನಾ ನೀರು ನೀಲಿಯಾಗುತ್ತದೆ, ಬಂದವಳನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ಆದ್ದರಿಂದ ಒಂದು ಬಿನ್ನಹ. ನೀವೀಗ ತೊಟ್ಟಿರುವುದರ ತೊಡೆಯ ಮೇಲೆ ಕೈಯಾಡಿಸಿ. ಅದನ್ನು ತಿಕ್ಕಿದವಳು ನಿಮ್ಮ ಕಾಲದಲ್ಲಿ ಇನ್ನೂ ಇದ್ದಾಳೆ. ಹೋಗಿ ಹೆಸರು ಕೇಳಿ, ಬರೆದು, ಆ ಪುಟ್ಟ ಜೇಬಿನಲ್ಲಿಡಿ. ತಿಪ್ಪೆ ನಮಗೆ ತಲುಪಿಸುತ್ತದೆ.

ಅಜ್ಜಿ ದಿನಾ ಬೆರಳು ಹಾಕಿ ನೋಡುತ್ತಾಳೆ.

ಇನ್ನೂ ಹುಟ್ಟದ ನಿಮ್ಮ ಹುಡುಗ,
ಗಾದಿಲಿಂಗ